ಕಾಡಿನ ನಡುವೆ ಮದುವೆ, ಕರೆಯೋದು ಯಾರನ್ನ?

ಮದುವೆ ಸೀಸನ್ ಶುರುವಾಯಿತೆಂದು ತಿಳಿಯಲು ಈಗ ಪಂಚಾಂಗ ನೋಡಬೇಕಿಲ್ಲ, ಮೊಬೈಲ್ ತೆರೆದರೆ ಸಾಕು. ಮಂಜು ಮುಸುಕಿದ ಮರಗಳ ನಡುವೆ ಪುಟ್ಟ ಮಂಟಪ, ತಿಳಿ ಬಣ್ಣದ ರೇಷ್ಮೆ ಸೀರೆ, ಬಿಳಿ ಪಂಚೆ, ಹಿನ್ನೆಲೆಯಲ್ಲಿ ಕೊಳಲು, ಎದುರಿಗೆ ನಲವತ್ತೋ ಐವತ್ತೋ ಜನ. ಕೆಳಗೆ ‘ಫಾರೆಸ್ಟ್ ವೆಡ್ಡಿಂಗ್’ ಎಂಬ ಸಾಲು. ಹತ್ತಿರದ ಬಂಧುಗಳು, ಆಪ್ತ ಗೆಳೆಯರು ಮಾತ್ರ. ಸಾವಿರ ಜನರ ಛತ್ರದ ಮದುವೆಗೆ ಹೋಗಿ, ಮೂರನೇ ಪಂಕ್ತಿಗೆ ಕಾದು, ಮದುಮಗಳ ಮುಖವನ್ನೂ ಸರಿಯಾಗಿ ನೋಡದೆ ಕವರ್ ಕೊಟ್ಟು ಬಸ್ ಹತ್ತಿದ ನಮಗೆಲ್ಲ ಇದು ಹಿತವಾಗಿಯೇ ಕಾಣುತ್ತದೆ. ನಮ್ಮ ರೂಮಿನ ನಾಲ್ವರಲ್ಲಿ ಮೂವರು ‘ಆದರೆ ಇಂಥ ಮದುವೆ’ ಎನ್ನುತ್ತಾರೆ. ನಾಲ್ಕನೆಯವನದು ಮೊದಲು ಕೆಲಸ ಸಿಗಲಿ ಎಂಬ ನಿಲುವು.

ನಾನು ಈ ಮದುವೆಗಳನ್ನು ರೀಲ್ಸ್‌ನ ಆಚೆ ಬದಿಯಿಂದಲೂ ನೋಡಿದ್ದೇನೆ. ಎಂ.ಎ. ಮುಗಿಸಿ ಶಿವಮೊಗ್ಗದಲ್ಲಿ ಪಿಡಿಒ ಪರೀಕ್ಷೆಗೆ ಓದುತ್ತಿರುವ ನಾನು, ರೂಮಿನ ಬಾಡಿಗೆಗೆಂದು ಎರಡು ವರ್ಷದಿಂದ ಅಲಂಕಾರದ ತಂಡವೊಂದರ ಜತೆ ವಾರಾಂತ್ಯದ ಕೆಲಸಕ್ಕೆ ಹೋಗುತ್ತೇನೆ. ಮಲೆನಾಡಿನ ಎಸ್ಟೇಟುಗಳು, ಹೋಮ್‌ಸ್ಟೇಗಳು ನಮ್ಮ ಕಾರ್ಯಕ್ಷೇತ್ರ. ಹಿಂದಿನ ದಿನವೇ ಟೆಂಪೋದಲ್ಲಿ ಹೂವು ಬರುತ್ತದೆ, ಬೆಂಗಳೂರಿನಿಂದ. ಕಾಡಿನಲ್ಲಿ ಹೂವಿಲ್ಲವೇ ಎಂದು ಕೇಳಬೇಡಿ. ಕಾಡಿನ ಹೂವು ಫೋಟೊದಲ್ಲಿ ‘ಎದ್ದು ಕಾಣುವುದಿಲ್ಲ’ವಂತೆ. ನನಗೆ ಇವತ್ತಿಗೂ ನಗು ಬರುವುದು ಬಳ್ಳಿಯ ವಿಷಯದಲ್ಲಿ. ನಿಜವಾದ ಹಸಿರು ಮರಕ್ಕೆ ಪ್ಲಾಸ್ಟಿಕ್ಕಿನ ಹಸಿರು ಬಳ್ಳಿ ಸುತ್ತುವುದು ನನ್ನ ಮುಖ್ಯ ಕೆಲಸ. ಆಮೇಲೆ ಸೀರಿಯಲ್ ಲೈಟಿಗೆ ಮೊಳೆ, ಜನರೇಟರ್, ನೀರಿನ ಕ್ಯಾನ್, ಡ್ರೋನ್, ಮಾಲೆ ಬದಲಿಸುವ ಹೊತ್ತಿಗೆ ಪೇಪರ್ ಬ್ಲಾಸ್ಟ್. ಮರುದಿನ ಬೆಳಿಗ್ಗೆ ಆ ಬಣ್ಣದ ಚೂರುಗಳನ್ನು ತರಗೆಲೆಯ ನಡುವಿನಿಂದ ಹೆಕ್ಕಿ ಮುಗಿಸಿದವರನ್ನು ನಾನಿನ್ನೂ ನೋಡಿಲ್ಲ.

ಜನ ಕಡಿಮೆಯಾದರೆ ಖರ್ಚೂ ಕಡಿಮೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಛತ್ರದ ಮದುವೆಯಲ್ಲಿ ಬಂದವರು ಉಂಡು ಮನೆಗೆ ಹೋಗುತ್ತಾರೆ. ಎಸ್ಟೇಟಿನಲ್ಲಿ ಬಂದ ಪ್ರತಿಯೊಬ್ಬರಿಗೂ ಎರಡು ರಾತ್ರಿ ರೂಮು, ಐದಾರು ಊಟ-ತಿಂಡಿ, ಓಡಾಟಕ್ಕೆ ವಾಹನ. ಕುರ್ಚಿಯಿಂದ ಹಿಡಿದು ಕೊತ್ತಂಬರಿ ಸೊಪ್ಪಿನವರೆಗೆ ಎಲ್ಲವೂ ಘಾಟಿ ಹತ್ತಿಯೇ ಬರಬೇಕು. ಜನ ಹತ್ತನೇ ಒಂದು ಭಾಗಕ್ಕಿಳಿದರೂ ಖರ್ಚು ಆ ಪ್ರಮಾಣದಲ್ಲಿ ಇಳಿಯುವುದಿಲ್ಲ. ‘ಸರಳ ವಿವಾಹ’ ಎಂಬ ಹೆಸರಿನಲ್ಲಿ ಸಾಲ ಮಾಡುವುದು ಆಡಂಬರಕ್ಕೆ ಸಾಲ ಮಾಡುವುದಕ್ಕಿಂತ ವಿಚಿತ್ರ. ಬ್ಯಾಂಕಿನ ಕಂತು ಮಾತ್ರ ಎರಡಕ್ಕೂ ಒಂದೇ.

ಇನ್ನು ಕಾಡಿನ ಮಾತು. ಅಭಯಾರಣ್ಯದೊಳಗೆ ಹೋಗಲು ಯಾವ ಯಾವ ಉದ್ದೇಶಕ್ಕೆ ಅನುಮತಿ ಕೊಡಬಹುದೆಂದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೇ ಸೆಕ್ಷನ್ ಪಟ್ಟಿ ಮಾಡಿದೆ. ವನ್ಯಜೀವಿಗಳ ಅಧ್ಯಯನ, ಛಾಯಾಗ್ರಹಣ, ವೈಜ್ಞಾನಿಕ ಸಂಶೋಧನೆ, ಪ್ರವಾಸ, ಒಳಗೆ ವಾಸಿಸುವವರೊಂದಿಗಿನ ಕಾನೂನುಬದ್ಧ ವ್ಯವಹಾರ. ಮದುವೆ ಈ ಪಟ್ಟಿಯಲ್ಲಿಲ್ಲ. ಹಾಗಾಗಿ ‘ಕಾಡಿನ ಮದುವೆ’ಗಳು ನಡೆಯುವುದು ಕಾಡಿನ ಅಂಚಿನ ಖಾಸಗಿ ಜಮೀನಿನಲ್ಲಿ. ಕಾನೂನಿನ ಮಟ್ಟಿಗೆ ತೊಂದರೆಯಿಲ್ಲ. ಆದರೆ ಬೇಲಿ ಎಲ್ಲಿದೆಯೆಂದು ಆನೆಗೆ ಯಾರೂ ಹೇಳಿಲ್ಲ. ಸಕಲೇಶಪುರ, ಆಲೂರು ಕಡೆ ಆನೆ ಇವತ್ತು ಯಾವ ತೋಟದಲ್ಲಿದೆಯೆಂದು ಅರಣ್ಯ ಇಲಾಖೆ ಜನರ ಮೊಬೈಲಿಗೆ ಸಂದೇಶ ಕಳಿಸುತ್ತದೆ. ಅಂಥ ಕಡೆ ಸಂಗೀತ್ ಕಾರ್ಯಕ್ರಮಕ್ಕೆ ಡಿಜೆ ಹಾಕುವ ಧೈರ್ಯ ಹೊರಗಿನಿಂದ ಬಂದವರಿಗೆ ಮಾತ್ರ ಬರಲು ಸಾಧ್ಯ.

ನಮ್ಮ ಲಗ್ನದ ತಿಂಗಳುಗಳು ಬೇಸಿಗೆಯವು. ಫೆಬ್ರುವರಿಯಿಂದ ಮೇವರೆಗೆ ಕಾಡು ಒಣಗಿರುತ್ತದೆ. 2019ರಲ್ಲಿ ಬಂಡೀಪುರ ಹೊತ್ತಿ ಉರಿದದ್ದು ಫೆಬ್ರುವರಿಯಲ್ಲೇ. ಮಂಗಟ್ಟೆ ಹಕ್ಕಿಗಳ ಸಂಸಾರದ ಕಾಲವೂ ಹೆಚ್ಚುಕಡಿಮೆ ಇದೇ. ಹೆಣ್ಣು ಮರದ ಪೊಟರೆಯೊಳಗೆ ಕೂತು ಬಾಯಿ ಮುಚ್ಚಿಕೊಳ್ಳುತ್ತದೆ, ಒಂದು ಸೀಳು ಮಾತ್ರ ಬಿಟ್ಟು. ಮೊಟ್ಟೆಯೊಡೆದು ಮರಿ ಬೆಳೆಯುವ ತನಕ ಆ ಸೀಳಿನಲ್ಲಿ ಹಣ್ಣು ಕೊಡುವುದು ಗಂಡಿನ ಕೆಲಸ. ಅದು ಬೆದರಿ ಪೊಟರೆಯ ಕಡೆ ಸುಳಿಯದಿದ್ದರೆ ಒಳಗಿರುವವಕ್ಕೆ ಊಟವಿಲ್ಲ. ಪಟಾಕಿ, ಡ್ರೋನು, ರಾತ್ರಿಯಿಡೀ ದೀಪ ಬೇಕೆನ್ನುವವರಿಗೆ ಈ ಜೋಡಿಯ ವಿಷಯ ಗೊತ್ತಿದ್ದರೆ ಸ್ವಲ್ಪ ಯೋಚಿಸಿಯಾರು.

ಪ್ರಕೃತಿಯ ಮಡಿಲು ಎಂಬ ಮಾತಿಗೆ ಮಿತಿಯೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಉತ್ತರಾಖಂಡದ ಔಲಿ ಇದೆ. 2019ರ ಜೂನ್‌ನಲ್ಲಿ ಅಲ್ಲಿನ ಪರ್ವತದ ಹುಲ್ಲುಗಾವಲಿನಲ್ಲಿ ಉದ್ಯಮಿ ಕುಟುಂಬವೊಂದರ ಮದುವೆಗಳು ನಡೆದವು. ಕಸ ನೂರಾರು ಕ್ವಿಂಟಾಲ್ ಉಳಿಯಿತು. ಅಲ್ಲಿನ ಹೈಕೋರ್ಟ್ ಮಧ್ಯ ಪ್ರವೇಶಿಸಿ 3 ಕೋಟಿ ರೂಪಾಯಿ ಠೇವಣಿ ಇಡಿಸಬೇಕಾಯಿತು. 2023ರ ಡಿಸೆಂಬರ್‌ನಲ್ಲಿ ಅದೇ ರಾಜ್ಯದ ಡೆಹ್ರಾಡೂನ್‌ನಲ್ಲಿ ಪ್ರಧಾನಿ ‘ವೆಡ್ ಇನ್ ಇಂಡಿಯಾ’ ಕರೆ ಕೊಟ್ಟರು. ಮದುವೆಗೆ ವಿದೇಶಕ್ಕೆ ಹೋಗುವ ಶ್ರೀಮಂತರ ಹಣ ಇಲ್ಲೇ ಉಳಿಯಲಿ, ನಮ್ಮಂಥವರಿಗೆ ನಾಲ್ಕು ದಿನದ ಕೂಲಿಯೂ ಸಿಗಲಿ, ಬೇಡವೆನ್ನಲಾರೆ. ನಾನೇ ಆ ಕೂಲಿಯಲ್ಲಿ ಪುಸ್ತಕ ಕೊಂಡವನು. ಆದರೆ ಒಂದು ಬೆಟ್ಟ ಎಷ್ಟು ಜನರನ್ನು ತಾಳೀತು ಎಂಬ ಪ್ರಶ್ನೆಯನ್ನು 2024ರಲ್ಲಿ ಕುಮಾರಪರ್ವತದ ಜನಜಂಗುಳಿಯ ನಂತರ ಚಾರಣಿಗರಿಗೆ ಕೇಳಿದ ನಾವು, ಮದುವೆ ದಿಬ್ಬಣಕ್ಕೆ ಇನ್ನೂ ಕೇಳಿಲ್ಲ.

ಅಂದಹಾಗೆ ನಮ್ಮಜ್ಜಿಯ ಮದುವೆ ಆದದ್ದೂ ಕಾಡಿನ ನಡುವೆಯೇ. ಮನೆಯೇ ಅಲ್ಲಿತ್ತು, ಏನು ಮಾಡುವುದು? ಅಡಿಕೆ ದಬ್ಬೆಯ ಚಪ್ಪರ, ಬಾಳೆ ಎಲೆ, ಹಳ್ಳದ ನೀರು. ಆಕೆಗೆ ಅದು ‘ಫಾರೆಸ್ಟ್ ವೆಡ್ಡಿಂಗ್’ ಎಂದು ಕೊನೆಯವರೆಗೂ ಗೊತ್ತಾಗಲಿಲ್ಲ.

ಇಷ್ಟೆಲ್ಲ ಹೇಳಿದರೂ ನಾನು ಚಿಕ್ಕ ಮದುವೆಯ ಪರವೇ. ನಮ್ಮ ತೀರ್ಥಹಳ್ಳಿ ತಾಲ್ಲೂಕಿನವರಿಗೆ ಇದು ಇನ್‌ಸ್ಟಾಗ್ರಾಂ ಕಲಿಸಿದ ಪಾಠವಲ್ಲ. 1966ರಲ್ಲಿ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿಯವರ ಮದುವೆ ನಡೆದದ್ದು ಕುಪ್ಪಳಿಯಲ್ಲಿ, ಕುವೆಂಪು ರೂಪಿಸಿದ ಮಂತ್ರ ಮಾಂಗಲ್ಯದ ವಿಧಾನದಲ್ಲಿ. ಸುತ್ತ ಕಾಡಿತ್ತು, ನಿಜ. ಆದರೆ ಅದರ ತಿರುಳು ಕಾಡಲ್ಲ. ಪುರೋಹಿತರಿಲ್ಲ, ಮುಹೂರ್ತವಿಲ್ಲ, ವರದಕ್ಷಿಣೆಯಿಲ್ಲ. ಗಂಡು-ಹೆಣ್ಣು ಸಮಾನರಾಗಿ ಅರ್ಥ ತಿಳಿದು ಒಪ್ಪುವ ಪ್ರತಿಜ್ಞೆ. ಅಂದಿನ ಸರಳತೆಗೆ ಒಂದು ವಿರೋಧಪಕ್ಷವಿತ್ತು: ಸಾಲ, ಜಾತಿ, ಅಂಧಶ್ರದ್ಧೆ. ಇಂದಿನ ಪ್ಯಾಕೇಜ್ ಸರಳತೆಗೆ ಅಂಥ ವಿರೋಧಿ ಯಾರು? ನಾನು ಕೆಲಸ ಮಾಡಿದ ಮದುವೆಗಳಲ್ಲಿ ಮುಹೂರ್ತವೂ ಇತ್ತು, ಕೊಡುವುದು-ಕೊಳ್ಳುವುದೂ ಇತ್ತು. ಇಲ್ಲದಿದ್ದದ್ದು ನೆಂಟರು ಮಾತ್ರ.

ಈ ನೆಂಟರ ಪ್ರಶ್ನೆಯೇ ಈಗ ನಮ್ಮ ಮನೆಯಲ್ಲಿ ಕುದಿಯುತ್ತಿದೆ. ಅಕ್ಕನಿಗೆ ಮದುವೆ ನಿಶ್ಚಯವಾಗಿದೆ. ಹುಡುಗ ಅವಳ ಜತೆ ಓದಿದವನು, ಬೇರೆ ಜಾತಿ, ಎರಡೂ ಮನೆಯವರು ಒಪ್ಪಿದ್ದಾರೆ. ನಮ್ಮ ತೋಟದ ಮೇಲಿನ ಕಾನಿನ ಅಂಚಿನಲ್ಲಿ, ನಲವತ್ತು ಜನರೆದುರು, ಮಂತ್ರ ಮಾಂಗಲ್ಯ ಎಂಬುದು ಅಕ್ಕನ ಆಸೆ. ಎಲೆಚುಕ್ಕಿ ರೋಗ ಬಂದ ಮೇಲೆ ತೋಟದ ಆದಾಯ ಕುಸಿದಿದೆ, ನನ್ನ ಕಾಲೇಜಿನ ಸಾಲ ಬಾಕಿ ಇದೆ. ಹಣದ ದೃಷ್ಟಿಯಿಂದ ನೋಡಿದರೆ ಅಪ್ಪಯ್ಯ ಕುಣಿದಾಡಬೇಕಿತ್ತು. ಅವರು ಒಳಗೆ ಹೋಗಿ ಮುಯ್ಯಿ ಪುಸ್ತಕ ತಂದರು.

ಪಟ್ಟಣದ ಗೆಳೆಯರಿಗೆ ಮುಯ್ಯಿ ಎಂದರೆ ವಿವರಿಸಬೇಕಾದೀತು. ಯಾರ ಮನೆಯ ಮದುವೆಗೆ ನಾವು ಎಷ್ಟು ಕೊಟ್ಟೆವು, ನಮ್ಮ ಮನೆಯ ಕಾರ್ಯಕ್ಕೆ ಯಾರು ಎಷ್ಟು ತಂದರು ಎಂಬ ಲೆಕ್ಕ. ಐವತ್ತು ರೂಪಾಯಿ, ಒಂದು ಚೀಲ ಅಕ್ಕಿ, ಎರಡು ದಿನದ ದುಡಿಮೆ, ಎಲ್ಲವೂ ಅದರಲ್ಲಿದೆ. ಹೊರಗಿನಿಂದ ನೋಡಿದರೆ ಅದು ಜಿಪುಣರ ಡೈರಿ. ಒಳಗಿನಿಂದ ನೋಡಿದರೆ ಬ್ಯಾಂಕಿಲ್ಲದ ಕಾಲದಲ್ಲಿ ಊರು ತನಗಾಗಿ ಮಾಡಿಕೊಂಡಿದ್ದ ಚೀಟಿ ವ್ಯವಹಾರ. ಕೊಟ್ಟವರು ತಮ್ಮ ಮನೆಯ ಕಾರ್ಯಕ್ಕೆ ಅದು ಹಿಂದಿರುಗುತ್ತದೆಂದು ನಂಬಿ ಕೊಟ್ಟಿರುತ್ತಾರೆ. “ಕರೀದೆ ಹೋದ್ರೆ ಅವರ ದುಡ್ಡು ಉಳೀತದೆ ಅಂತ ನೀವು ಅಂದ್ಕೊಳ್ತೀರಿ. ಅವರು ಅಂದ್ಕೊಳ್ಳೋದು ಈ ಮನೆ ಬಾಗಿಲು ಮುಚ್ತು ಅಂತ” ಎಂದರು ಅಪ್ಪಯ್ಯ. 2020ರ ಲಾಕ್‌ಡೌನಿನಲ್ಲಿ 50 ಜನರ ಮಿತಿಯೊಳಗೇ ಎಷ್ಟೊಂದು ಮದುವೆ ಆದವಲ್ಲ ಎಂದು ಅಕ್ಕ ನೆನಪಿಸಿದಳು. “ಆಗ ಬೇಡ ಅಂದಿದ್ದು ಸರ್ಕಾರ. ಈಗ ನಾವೇ ಬೇಡ ಅಂದಂಗಾಗ್ತದೆ” ಎಂಬ ಉತ್ತರ ಬಂತು. ಅಕ್ಕನಿಗೆ ಆ ಕ್ಷಣ ಮಾತು ಹೊರಡಲಿಲ್ಲ, ನನಗೂ.

ಅಪ್ಪಯ್ಯನ ಮಾತಿನಲ್ಲಿ ಹುರುಳಿದೆ ಎಂದೇ ನನ್ನ ಅನಿಸಿಕೆ. ‘ಹತ್ತಿರದವರು ಮಾತ್ರ’ ಎಂದು ಅಚ್ಚು ಹಾಕಿಸುವುದು ಸುಲಭ. ಹತ್ತಿರದವರು ಯಾರು ಎಂದು ಪಟ್ಟಿ ಮಾಡಲು ಕೂತರೆ ನಮ್ಮ ಬಣ್ಣ ಹೊರಬರುತ್ತದೆ. ನಾನು ಕೆಲಸ ಮಾಡಿದ ಚಿಕ್ಕ ಮದುವೆಗಳ ಪಟ್ಟಿಯಲ್ಲಿದ್ದವರು ಬಹುತೇಕ ಒಂದೇ ಬಗೆಯ ಕಾರಿನಿಂದ ಇಳಿದವರು. ಎಸ್ಟೇಟಿನ ಲೈನ್ ಮನೆಗಳವರು ಪಾತ್ರೆ ತೊಳೆಯಲು ಬಂದರು, ಊಟಕ್ಕಲ್ಲ. ಹಳೆಯ ಊರ ಮದುವೆ ದೊಡ್ಡ ಆದರ್ಶವೆಂದು ನಾನು ಹೇಳುತ್ತಿಲ್ಲ. ಅಲ್ಲೂ ಬೇರೆ ಪಂಕ್ತಿ, ಬೇರೆ ಜಗಲಿ ಇದ್ದವು, ಅದನ್ನು ಮರೆತು ಹಳೆಯದನ್ನು ಹೊಗಳುವುದು ಮೋಸ. ಆದರೆ ಆ ಪಂಕ್ತಿಯನ್ನು ಒಂದು ಮಾಡುವ ಬದಲು, ಪಂಕ್ತಿಯನ್ನೇ ತೆಗೆದುಹಾಕಿ ನಾವು ಆಧುನಿಕರಾದೆವು ಎನ್ನುವುದೂ ಸರಿಯಲ್ಲ.

ಕಾನೂನು ಈ ವಿಷಯದಲ್ಲಿ ನಮಗಿಂತ ಸರಳವಾಗಿದೆ. 1954ರ ವಿಶೇಷ ವಿವಾಹ ಕಾಯ್ದೆಗೆ ಬೇಕಾದ ಅತಿಥಿಗಳು ಮೂವರು, ಸಾಕ್ಷಿ ಹಾಕಲು. ಜೋಡಿಯಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಿದ್ದು ನೋಟಿಸು ಕೊಡಬೇಕು, ಅದು ಕಚೇರಿಯಲ್ಲಿ 30 ದಿನ ಪ್ರಕಟವಾಗಿರಬೇಕು. ಮನೆಯವರು ಒಪ್ಪದ ಜೋಡಿಗಳಿಗೆ ಈ ಒಂದು ತಿಂಗಳೇ ದೊಡ್ಡ ಗಂಡಾಂತರ, ಅದು ಬೇರೆಯೇ ಬರೆಯಬೇಕಾದ ವಿಷಯ. ಹೆಚ್ಚು ಜನಕ್ಕೆ ತಿಳಿಯದ ಸಂಗತಿಯೆಂದರೆ, ಹೆಚ್ಚುವರಿ ಶುಲ್ಕ ಕಟ್ಟಿದರೆ ಕಚೇರಿಯಿಂದ ಹೆಚ್ಚು ದೂರವಲ್ಲದ ಬೇರೆ ಜಾಗದಲ್ಲೂ ವಿವಾಹ ನಡೆಸಲು 12ನೇ ಸೆಕ್ಷನ್ ಅವಕಾಶ ಕೊಡುತ್ತದೆ.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ನ್ಯಾಯಪೀಠದಲ್ಲಿದ್ದವರಲ್ಲಿ ಒಬ್ಬರು ನಮ್ಮವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಹಿಂದೂ ವಿವಾಹ ಕಾಯ್ದೆಯಡಿ ಸಲ್ಲಬೇಕಾದ ವಿಧಿಗಳು ನಡೆಯದಿದ್ದರೆ ಬರೀ ನೋಂದಣಿ ಪತ್ರದಿಂದ ಮದುವೆ ಆಗುವುದಿಲ್ಲ ಎಂದಿತು ಆ ತೀರ್ಪು. ಮದುವೆಯೆಂದರೆ ಹಾಡು, ಕುಣಿತ, ಊಟ, ಕುಡಿತದ ಕಾರ್ಯಕ್ರಮವಲ್ಲ ಎಂದೂ ಯುವಜನರಿಗೆ ಹೇಳಿತು. ಎರಡನೆಯ ಮಾತನ್ನು ಎಲ್ಲರೂ ಹಂಚಿಕೊಂಡರು, ಮೊದಲನೆಯದನ್ನು ಓದಿದವರು ಕಡಿಮೆ. ಹಾಗಾದರೆ ಸಪ್ತಪದಿಯಿಲ್ಲದ, ಪುರೋಹಿತರಿಲ್ಲದ ಮಂತ್ರ ಮಾಂಗಲ್ಯದ ಗತಿಯೇನು? ತಮಿಳುನಾಡು 1967ರಲ್ಲೇ ಹಿಂದೂ ವಿವಾಹ ಕಾಯ್ದೆಗೆ 7ಎ ಸೆಕ್ಷನ್ ಸೇರಿಸಿ ಸ್ವಾಭಿಮಾನ ವಿವಾಹಗಳಿಗೆ ಮಾನ್ಯತೆ ಕೊಟ್ಟಿತು. ಕರ್ನಾಟಕದಲ್ಲಿ ಅಂಥ ತಿದ್ದುಪಡಿ ಇಲ್ಲ. ವೇದಿಕೆಯಲ್ಲಿ ಕುವೆಂಪು ಹೆಸರು ಹೇಳದೆ ಭಾಷಣ ಮುಗಿಸದ ನಮ್ಮ ನಾಯಕರು, ಯಾವ ಪಕ್ಷದವರೇ ಆಗಲಿ, ಈ ಒಂದು ಸೆಕ್ಷನ್ ತಂದಿದ್ದರೆ ಸಾಲ ಮಾಡಲಾರದ ಎಷ್ಟೋ ಮನೆಗಳಿಗೆ ದಾರಿ ಸುಗಮವಾಗುತ್ತಿತ್ತು. ಅಲ್ಲಿಯವರೆಗೆ ಮಂತ್ರ ಮಾಂಗಲ್ಯ ಮಾಡಿಕೊಳ್ಳುವವರು ವಿಶೇಷ ವಿವಾಹ ಕಾಯ್ದೆಯ ದಾರಿಯನ್ನೂ ಹಿಡಿಯುವುದು ಕ್ಷೇಮ. ಅಕ್ಕನೂ ಅದನ್ನೇ ಮಾಡುತ್ತಿದ್ದಾಳೆ.

ನಮ್ಮ ಮನೆಯ ಪಟ್ಟಿ ಅಕ್ಕನ ನಲವತ್ತು ಮತ್ತು ಅಪ್ಪಯ್ಯನ ನಾನೂರ ಇಪ್ಪತ್ತರ ನಡುವೆ ಹೊಯ್ದಾಡಿ, ಇದನ್ನು ಬರೆಯುವ ಹೊತ್ತಿಗೆ ನೂರ ಹದಿನಾಲ್ಕಕ್ಕೆ ನಿಂತಿದೆ. ದಾರಿ ತೋರಿಸಿದ್ದು ಅಮ್ಮ. ಮುಯ್ಯಿ ಪುಸ್ತಕದಲ್ಲಿರುವ ಉಳಿದ ಮನೆಗಳಿಗೆ ಕಾರ್ಡು ಕಳಿಸುವ ಬದಲು ಅವಳೂ ಅಪ್ಪಯ್ಯನೂ ಮದುವೆಗೆ ಮೊದಲೇ ಹೋಗಿ ಎಲೆ-ಅಡಿಕೆ ಕೊಟ್ಟು ವಿಷಯ ಹೇಳುವುದು, ಮದುವೆಯಾದ ಮೇಲೆ ಜೋಡಿಯನ್ನು ಮನೆಮನೆಗೆ ಕರೆದೊಯ್ಯುವುದು. ಮುಯ್ಯಿ ಪಡೆಯದೆ, ಕೊಡುವುದನ್ನು ಮಾತ್ರ ಮುಂದುವರಿಸುವುದು. ಕಾನಿನ ಕಡೆ ದೀಪ, ಮೈಕು ಬೇಡವೆಂದು ತೀರ್ಮಾನವಾಗಿದೆ. ಊಟ ಅಂಗಳದಲ್ಲಿ, ಒಂದೇ ಪಂಕ್ತಿ. ಪ್ಲಾಸ್ಟಿಕ್ ಬಳ್ಳಿಯನ್ನು ಪುಕ್ಕಟೆ ತಂದುಕೊಡುತ್ತೇನೆ ಎಂಬ ನನ್ನ ತಮಾಷೆಗೆ ಯಾರೂ ನಗಲಿಲ್ಲ.

ಮೂವರು ಸಾಕ್ಷಿಗಳಲ್ಲಿ ಇಬ್ಬರು ಗೊತ್ತಾಗಿದ್ದಾರೆ. ಮೂರನೆಯ ಹೆಸರು ಸೂಚಿಸಿದ್ದು ಅಪ್ಪಯ್ಯ: ಅಕ್ಕ ಹುಟ್ಟುವ ಮೊದಲಿನಿಂದಲೂ ನಮ್ಮ ತೋಟದ ಕೆಲಸಕ್ಕೆ ಬರುತ್ತಿರುವ ಅಜ್ಜಿ. ಕೇಳಿದ್ದಕ್ಕೆ ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಸಹಿ ಮಾಡಕ್ಕೆ ಬರಲ್ವಲ್ಲ ಅಯ್ಯಾ, ಹೆಬ್ಬೆಟ್ಟು ಒತ್ತಿದ್ರೆ ಆಗ್ತದಾ?” ಎಂದಳು. ಸೋಮವಾರ ನೋಂದಣಿ ಕಚೇರಿಗೆ ಹೋಗಿ ಕೇಳಿಕೊಂಡು ಬರಬೇಕು.