ಸೇವೆಗೂ ವೇಳೆ ನಿಗದಿಯಾಗಲಿ

ತಿ. ನರಸೀಪುರ, ನಂಜನಗೂಡಿನಂಥ ತಾಲ್ಲೂಕು ಊರಿನಲ್ಲಿ ವಕೀಲರ ಕೆಲಸ ಕೋರ್ಟಿನ ಗಂಟೆಗೆ ಮುಗಿಯುವುದಿಲ್ಲ. ಪಾಲು, ಪೋಡಿ, ಜೀವನಾಂಶದ ಚಿಂತೆ ಹೊತ್ತವರು ಸಂಜೆ ಉಚಿತ ಸಲಹೆ ಕೇಳಿ ಅವರ ಮನೆಗೇ ಬರುತ್ತಾರೆ. ಸಂವಿಧಾನದ 39ಎ ವಿಧಿ ಉಚಿತ ಕಾನೂನು ನೆರವನ್ನು ಪ್ರಭುತ್ವದ ಹೊಣೆಯಾಗಿಸಿದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟರು ಆದಾಯದ ಮಿತಿಯಿಲ್ಲದೆ ಅದಕ್ಕೆ ಅರ್ಹರು. ಆದರೂ ಆ ಹೊಣೆಯನ್ನು ನಾವು ವಕೀಲರೊಬ್ಬರ ಒಳ್ಳೆಯತನಕ್ಕೆ ಬಿಟ್ಟಿದ್ದೇವೆ. ಅದರ ಬೆಲೆ ತೆರುವುದು ಅವರ ಮನೆ. ಮನೆಗೆಲಸದ ಹೊರೆಯೂ ಇರುವ ವಕೀಲೆಯರಿಗಂತೂ ಇದು ಇಮ್ಮಡಿ ಭಾರ.

ಈ ನೆರವಿಗೆ ವೇಳೆ, ಸಂಭಾವನೆ ಗೊತ್ತುಮಾಡಿದರೆ ಅದು ಸೇವೆ ಹೇಗಾದೀತು ಎಂದು ಕೆಲವರು ಕೇಳಬಹುದು. ಸರ್ಕಾರಿ ವೈದ್ಯರು ಸಂಬಳ ಪಡೆದ ಮಾತ್ರಕ್ಕೆ ಅವರ ಸೇವೆ ಕಿರಿದಾಗುವುದಿಲ್ಲ. ಕಾಯ್ದೆಯಡಿ ನೇಮಕಗೊಂಡ ಪ್ಯಾನೆಲ್ ವಕೀಲರಿಗೆ ಶುಲ್ಕವಿದೆ. ಅದು ಸಕಾಲಕ್ಕೆ, ಶ್ರಮಕ್ಕೆ ತಕ್ಕಷ್ಟು ಸಿಗಬೇಕು. ತ್ಯಾಗವನ್ನೇ ನೆಚ್ಚಿದರೆ ದಣಿದವರು ಹಿಂದೆ ಸರಿಯುತ್ತಾರೆ, ನಷ್ಟ ಬಡ ಕಕ್ಷಿದಾರರದು. ತಾಲ್ಲೂಕು ಕಾನೂನು ಸೇವಾ ಸಮಿತಿ ಮತ್ತು ವಕೀಲರ ಸಂಘ ಕೂಡಿ, ಸರದಿಯ ಮೇಲೆ, ವಾರದ ನಿಗದಿತ ದಿನ ಹೋಬಳಿ ಕೇಂದ್ರಗಳಲ್ಲಿ ಹಗಲು ಹೊತ್ತು ಸಲಹೆ ನೀಡಲಿ. ಓದುಗರೇ, ತುರ್ತಿಲ್ಲದಿದ್ದರೆ ವಕೀಲರ ಮನೆಯ ಸಂಜೆಯನ್ನು ಮನೆಯವರಿಗೇ ಬಿಡಿ.