ರದ್ದಿಗೆ ಹಾಕುವ ಮುನ್ನ ಒಮ್ಮೆ ನೋಡಿ

ಕಳೆದ ರಂಜಾನ್ ತಿಂಗಳಲ್ಲಿ ಹಬ್ಬಕ್ಕೆಂದು ಮನೆಗೆ ಸುಣ್ಣ ಹೊಡೆಸುವಾಗ ಅಟ್ಟದ ಮೇಲಿದ್ದ ದಾದಾ ಅವರ ಟ್ರಂಕನ್ನು ಕೆಳಗಿಳಿಸಿದೆವು. ಒಳಗೆ ಬರೀ ಹಳೇ ಪುಸ್ತಕ, ಕಾಗದ. ಹೆಚ್ಚಿನವು ಉರ್ದುವಿನಲ್ಲಿದ್ದವು. ನಮ್ಮ ಮನೆಮಾತು ಉರ್ದುವೇ. ಆದರೆ ಒಂದನೇ ತರಗತಿಯಿಂದ ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಆ ಲಿಪಿ ಓದಲು ಬರುವುದಿಲ್ಲ. "ಯಾರು ಓದುತ್ತಾರೆ ಇದನ್ನೆಲ್ಲ, ಗುಜರಿಗೆ ಹಾಕಿ ಬಾ" ಎಂದರು ಅಮ್ಮಿ. ನಾನೇ ಸೈಕಲ್ ಮೇಲೆ ಎರಡು ಚೀಲ ಹೇರಿಕೊಂಡು ಹೋಗಿ ತೂಕಕ್ಕೆ ಹಾಕಿ ಬಂದೆ. ಸಿಕ್ಕಿದ್ದು 140 ರೂಪಾಯಿ.

ಟ್ರಂಕಿನ ತಳಕ್ಕೆ ಅಂಟಿಕೊಂಡಿದ್ದ ಒಂದು ಹಾಳೆ ಮಾತ್ರ ಉಳಿದಿತ್ತು. ಅದನ್ನು ನಮ್ಮ ಉರ್ದು ಉಪನ್ಯಾಸಕರಿಗೆ ತೋರಿಸಿದೆ. ಅದು ದಾವಣಗೆರೆಯ ಹತ್ತಿ ಗಿರಣಿ ಕಾರ್ಮಿಕರ ಸಭೆಯ ಪೋಸ್ಟರ್. ಜೋಳದ ಬೆಲೆ ಏರಿದೆ, ಸಂಬಳ ಏರಿಲ್ಲ, ತುಟ್ಟಿಭತ್ಯೆ ಹೆಚ್ಚಿಸಿ ಎಂದು ಅದರಲ್ಲಿತ್ತು. ನಾವು ತರಗತಿಯಲ್ಲಿ ಹಣದುಬ್ಬರ, ನೈಜ ಕೂಲಿ ಎಂದು ಬಾಯಿಪಾಠ ಮಾಡುವುದನ್ನೇ ದಾದಾ ಅವರ ಜೊತೆಯವರು ಗೋಡೆಗೆ ಅಂಟಿಸಿದ್ದರು. ನಾನು ಗುಜರಿ ಅಂಗಡಿಗೆ ಓಡಿದೆ. ಲೋಡು ಆಗಲೇ ಹೋಗಿತ್ತು. ಆ ಎರಡು ಚೀಲದಲ್ಲಿ ಏನಿತ್ತು ಎಂಬುದು ಇನ್ನು ನನಗೆ ಗೊತ್ತಾಗುವುದಿಲ್ಲ.

ಅರ್ಥಶಾಸ್ತ್ರ, ರಾಜಕೀಯದ ಕಾಗದಗಳೇ ಬೇಗ ರದ್ದಿಗೆ ಹೋಗುತ್ತವೆ. ಕಥೆ ಪುಸ್ತಕವನ್ನು ಯಾರಾದರೂ ಮತ್ತೆ ಓದುತ್ತಾರೆ. ಮುಗಿದ ಚುನಾವಣೆಯ ಪೋಸ್ಟರ್, ಹಳೇ ಬಜೆಟ್ಟಿನ ಪುಸ್ತಕ ಯಾರಿಗೆ ಬೇಕು? ಹೀಗೆ ಎಲ್ಲರೂ ಎಸೆಯುವುದರಿಂದಲೇ ಅವು ಅಪರೂಪವಾಗುತ್ತವೆ. ಅಪರೂಪವಾದದ್ದೆಲ್ಲ ದುಬಾರಿ ಅಲ್ಲ ಎಂಬುದೂ ನಮ್ಮ ಪಾಠವೇ. ಬೇಡಿಕೆ ಇಲ್ಲದಿದ್ದರೆ ಬೆಲೆ ಇಲ್ಲ. ಹಾಗೆಂದು ಮೌಲ್ಯವೂ ಇಲ್ಲ ಎನ್ನಬಾರದು.

ಕೌಟಿಲ್ಯನ 'ಅರ್ಥಶಾಸ್ತ್ರ'ವನ್ನೇ ನೋಡಿ. ಅದರ ತಾಳೆಗರಿ ಪ್ರತಿಯನ್ನು 1905ರಲ್ಲಿ ಗುರುತಿಸಿದವರು ಮೈಸೂರಿನ ಓರಿಯಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು. 1909ರಲ್ಲಿ ಅದು ಅಚ್ಚಾಯಿತು. ಅದನ್ನು ಜೋಪಾನ ಮಾಡಿ ಲೈಬ್ರರಿಗೆ ತಲುಪಿಸಿದವರು 'ಹಳೇ ಗರಿ' ಎಂದು ಒಲೆಗೆ ಹಾಕಿದ್ದರೆ? ಇನ್ನೊಂದು ಸಂಗತಿ ನಮ್ಮಲ್ಲಿ ಹಲವರಿಗೆ ಗೊತ್ತಿಲ್ಲ. ಕವಿ ಇಕ್ಬಾಲರ ಮೊದಲ ಪುಸ್ತಕ ಕವನ ಸಂಕಲನವಲ್ಲ. 1904ರ ಸುಮಾರಿಗೆ ಬಂದ 'ಇಲ್ಮುಲ್ ಇಕ್ತಿಸಾದ್' ಎಂಬ ಅರ್ಥಶಾಸ್ತ್ರದ ಪುಸ್ತಕ, ಅದೂ ಉರ್ದುವಿನಲ್ಲಿ. ಕಾಮರ್ಸ್ ಎಂದರೆ ಇಂಗ್ಲಿಷ್ ಎಂದುಕೊಂಡಿದ್ದ ನನಗೆ ಇದು ತಿಳಿದಾಗ ನಾಚಿಕೆಯೂ ಆಯಿತು, ಖುಷಿಯೂ ಆಯಿತು.

ಈಗ ಎಲ್ಲವೂ ಮೊಬೈಲಿನಲ್ಲಿ ಸಿಗುತ್ತದಲ್ಲ ಎನ್ನಬಹುದು. ದೊಡ್ಡವರ ಪುಸ್ತಕಗಳು ಸಿಗುತ್ತವೆ, ನಿಜ. ಅಂಬೇಡ್ಕರ್ ಅವರು 1923ರಲ್ಲಿ ರೂಪಾಯಿಯ ಸಮಸ್ಯೆ ಕುರಿತು ಪ್ರಕಟಿಸಿದ ಗ್ರಂಥವನ್ನು ಇಂದು ಯಾರು ಬೇಕಾದರೂ ಓದಬಹುದು. ಆದರೆ ನಮ್ಮೂರಿನ ಗಿರಣಿ ಪೋಸ್ಟರನ್ನು ನಾವು ಇಡದಿದ್ದರೆ ಬೇರೆ ಯಾರೂ ಇಡುವುದಿಲ್ಲ. ಗಿರಣಿಗಳೂ ಒಂದೊಂದಾಗಿ ಮುಚ್ಚಿದವು.

ಕಾಲೇಜಿನಲ್ಲಿ ರಾಜಕೀಯ ಪೋಸ್ಟರ್ ಇಟ್ಟರೆ ಒಂದು ಪಕ್ಷದ ಪರ ಎಂದಾಗುವುದಿಲ್ಲವೇ? ಈ ಆಕ್ಷೇಪಣೆ ಸರಿಯಾದದ್ದೇ. ಹಾಗಾಗಿ ಎಲ್ಲ ಪಕ್ಷದವೂ, ಎಲ್ಲ ಸಂಘದವೂ ಇರಲಿ. ಗೋಡೆಗೆ ಹಚ್ಚಿದರೆ ಪ್ರಚಾರ. ದಿನಾಂಕ ಬರೆದು ಫೈಲಿನಲ್ಲಿಟ್ಟರೆ ದಾಖಲೆ.

ಆದ್ದರಿಂದ ನನ್ನ ಕೋರಿಕೆ ಇಷ್ಟೇ. ಗ್ರಂಥಾಲಯದಲ್ಲಿ ಒಂದು ಬೀರು ಕೊಡಿ. ನಾವು ಪ್ರತಿಯೊಬ್ಬರೂ ಮನೆಯಿಂದ ಒಂದೊಂದು ಕಾಗದ ತರೋಣ: ಹಳೇ ರೇಷನ್ ಕಾರ್ಡ್, ಸೊಸೈಟಿಯ ವರದಿ, ಚುನಾವಣೆಯ ಕರಪತ್ರ, ಏನಾದರೂ ಸರಿ. ಯಾರ ಮನೆಯದು, ಎಲ್ಲಿ ಸಿಕ್ಕಿತು ಎಂದು ಪೆನ್ಸಿಲಿನಲ್ಲಿ ಬರೆದಿಡೋಣ. ಹರಿದಿದ್ದರೆ ಸೆಲ್ಲೋಟೇಪ್ ಹಚ್ಚಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ. ಎರಡೂ ಕಾಗದವನ್ನು ಕೆಡಿಸುತ್ತವೆ. ಚುನಾವಣಾ ಪೋಸ್ಟರ್ ಆದರೆ ಅದರ ಅಂಚನ್ನು ಕತ್ತರಿಸಬೇಡಿ. ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಹಾಕಲೇಬೇಕೆಂದು ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಂ ಹೇಳುತ್ತದೆ. ಅದು ಎಲ್ಲಿಯದು ಎಂದು ತಿಳಿಯುವುದು ಆ ಸಣ್ಣ ಅಕ್ಷರಗಳಿಂದಲೇ.

ನಾನೀಗ ವಾರಕ್ಕೆರಡು ದಿನ ಮಧ್ಯಾಹ್ನದ ಬಿಡುವಿನಲ್ಲಿ ಉರ್ದು ಅಕ್ಷರ ಕಲಿಯುತ್ತಿದ್ದೇನೆ. ಆ ಪೋಸ್ಟರಿನ ಮೊದಲ ಸಾಲು ಈಗ ಓದಲು ಬರುತ್ತದೆ. ಈ ಸಲ ಹಬ್ಬಕ್ಕೆ ನಿಮ್ಮ ಮನೆಯ ಅಟ್ಟ ತೆಗೆದಾಗ ಗುಜರಿಗೆ ಹೋಗುವ ಮೊದಲು ದಯವಿಟ್ಟು ಕಾಲೇಜಿಗೆ ಬನ್ನಿ.