ಬಲೆ ಕಳಚಿಟ್ಟ ಹಡಗು

ಮೀನು ಹಿಡಿಯುವ ಹಡಗಿಗೆ ತೋಪು ಕಟ್ಟಿ ರಣಕ್ಕೆ ಕಳುಹಿಸಿದರೆಂದರೆ ಯಾರಿಗಾದರೂ ನಗು ಬಂದೀತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನವರೂ ನಕ್ಕರು. ಹೆಚ್ಚಾಗಿ ಬೆಸ್ತರೇ ತುಂಬಿದ್ದ ಈ ಗಸ್ತುಪಡೆಗೆ ಹಾಸ್ಯನಟನೊಬ್ಬನ ಹೆಸರನ್ನು ಅಂಟಿಸಿ ‘ಹ್ಯಾರಿ ಟೇಟನ ನೌಕಾಬಲ’ವೆಂದು ಕರೆದರು. ಆ ಪಡೆಯಲ್ಲಿ ಮಡಿದು, ಕಡಲಲ್ಲದೆ ಬೇರೆ ಸಮಾಧಿಯನ್ನು ಕಾಣದವರ ಹೆಸರುಗಳು ಇಂದು ಲೋಸ್ಟಾಫ್ಟ್ ಪಟ್ಟಣದ ಸ್ಮಾರಕದ ಮೇಲೆ ಇವೆ, ಅವು 2,385.

ವಿಚಾರಿಸಿ ನೋಡಿದರೆ ಹಳೆಯ ಕಸುಬಿಗೂ ಹೊಸದಕ್ಕೂ ಅಂತರ ಬಹಳವಿರಲಿಲ್ಲ. ಟ್ರಾಲರ್ ಹಡಗು ಉಕ್ಕಿನ ಹಗ್ಗಗಳಿಂದ ಬಲೆಯನ್ನು ಎಳೆಯುತ್ತ ಸಾಗುತ್ತದೆ. ಬಲೆಯ ಬಾಯಿ ಮುಚ್ಚದಂತೆ ಇಕ್ಕೆಲಗಳಲ್ಲಿ ಹಲಗೆಗಳಿರುತ್ತವೆ. ಮೈನುಗಳನ್ನು ಗುಡಿಸುವಾಗ ಎಳೆಯುವ ಯಂತ್ರ ಅದೇ, ಎಳೆಯುವ ರೀತಿಯೂ ಅದೇ. ಬಲೆಯ ಸ್ಥಾನದಲ್ಲಿ ಮಾತ್ರ ಗರಗಸದಂತೆ ಒರಟಾದ ತಂತಿ. ಸಮುದ್ರತಳಕ್ಕೆ ಬಿಗಿದ ಮೈನಿನ ಕಟ್ಟು ಅದಕ್ಕೆ ಸಿಕ್ಕಿ ಹರಿಯಿತೆಂದರೆ ಮೈನು ಮೇಲೆ ತೇಲುತ್ತದೆ. ಬಂದೂಕಿನಿಂದ ಹೊಡೆದು ಅದನ್ನು ಸಿಡಿಸಬೇಕು, ಇಲ್ಲವೆ ಮುಳುಗಿಸಬೇಕು. ಈ ವಿಧಾನಕ್ಕೆ ಬಂದ ‘ಒರೊಪೇಸ’ ಎಂಬ ಹೆಸರೂ ಒಂದು ಟ್ರಾಲರಿನದೇ! ಕಬ್ಬಿಣದ ಹಡಗು ಮೇಲೆ ಹಾದುಹೋದರೆ ಸಾಕು, ಮುಟ್ಟದೆಯೇ ಸಿಡಿಯುವ ಅಯಸ್ಕಾಂತದ ಮೈನುಗಳನ್ನು 1939ರಲ್ಲಿ ಜರ್ಮನರು ಇಳಿಬಿಟ್ಟಾಗ, ಹಡಗುಗಳು ಜೊತೆಜೊತೆಯಾಗಿ ವಿದ್ಯುತ್ತಿನ ತಂತಿಗಳನ್ನೆಳೆದು ಅವನ್ನು ಹಿಂದೆ ದೂರದಲ್ಲೇ ಸಿಡಿಸುವುದನ್ನು ಕಲಿತವು.

ಇಂತಹ ಹಡಗುಗಳಲ್ಲಿ ‘ಬೆಡ್‌ಫರ್ಡ್‌ಶೈರ್’ ಒಂದು. ಹುಟ್ಟಿದ್ದು 1935ರಲ್ಲಿ, ಮೀನಿಗಾಗಿ. ಯುದ್ಧ ಬಂದಾಗ ಅದರ ಮೇಲೆ 4 ಅಂಗುಲದ ತೋಪೂ ನೀರಿನಾಳದಲ್ಲಿ ಸಿಡಿಯುವ ಡೆಪ್ತ್ ಚಾರ್ಜುಗಳೂ ಏರಿದವು. 1942ರ ಆರಂಭದಲ್ಲಿ ಜರ್ಮನ್ ಜಲಾಂತರ್ಗಾಮಿಗಳು ಅಮೆರಿಕದ ಪೂರ್ವತೀರದಲ್ಲಿ ಸರಕಿನ ಹಡಗುಗಳನ್ನು ಒಂದರ ಹಿಂದೊಂದು ಮುಳುಗಿಸತೊಡಗಿದವು. ಅಲ್ಲಿ ಕಾವಲಿನ ಹಡಗುಗಳ ಕೊರತೆ. ಶ್ರೀಮಂತ ಅಮೆರಿಕಕ್ಕೆ ಬ್ರಿಟನ್ನು 24 ಟ್ರಾಲರುಗಳನ್ನು ಎರವಲು ಕಳುಹಿಸಬೇಕಾಯಿತು! ಕಲ್ಲಿದ್ದಲು ತಿನ್ನುವ ಈ ಹಡಗುಗಳು ಅಟ್ಲಾಂಟಿಕ್ ಸಾಗರವನ್ನು ದಾಟಿ ಹೋದವು.

ಆ ವಸಂತದಲ್ಲಿ ಉತ್ತರ ಕೆರೊಲಿನದ ದಡಕ್ಕೆ ಬ್ರಿಟಿಷ್ ನಾವಿಕರ ಶವಗಳು ತೇಲಿಬಂದವು. ಶವಸಂಸ್ಕಾರಕ್ಕೆ ಅವರ ದೇಶದ ಧ್ವಜ ಬೇಕಲ್ಲವೆ? ಅಮೆರಿಕದ ನೌಕಾಪಡೆಯ ಪರವಾಗಿ ಏಕಾಕ್ ಬ್ರೌನ್ ಎಂಬಾತ ‘ಬೆಡ್‌ಫರ್ಡ್‌ಶೈರ್’ ಹಡಗನ್ನೇರಿ ಕೇಳಿದನು. ಹಡಗಿನ ತರುಣ ಅಧಿಕಾರಿ ಥಾಮಸ್ ಕನ್ನಿಂಗ್‌ಹ್ಯಾಮ್ ಕೆಲವು ಧ್ವಜಗಳನ್ನು ತೆಗೆದುಕೊಟ್ಟನು. ಸಂಸ್ಕಾರ ಮುಗಿದ ಮೇಲೂ ಬ್ರೌನನ ಬಳಿ ಧ್ವಜ ಉಳಿಯಿತು.

ಮೇ 11ರ ರಾತ್ರಿ ಯು-558 ಎಂಬ ಜಲಾಂತರ್ಗಾಮಿ ‘ಬೆಡ್‌ಫರ್ಡ್‌ಶೈರ್’ಗೆ ಗುರಿಯಿಟ್ಟಿತು. ಮೊದಲ ಏಟು ತಪ್ಪಿತು, ಮುಂದಿನದು ತಪ್ಪಲಿಲ್ಲ. ಹಡಗಿನಲ್ಲಿದ್ದವರಲ್ಲಿ ಒಬ್ಬನೂ ಉಳಿಯಲಿಲ್ಲ. ಹಡಗು ಮುಳುಗಿತೆಂಬ ವಾರ್ತೆಯನ್ನು ತರಲು ಕೂಡ ಯಾರೂ ಇರಲಿಲ್ಲ. ಮೂರನೆಯ ದಿನ ಓಕ್ರಕೋಕ್ ದ್ವೀಪದ ಮರಳಿನ ಮೇಲೆ ಎರಡು ಶವಗಳು ಸಿಕ್ಕವು. ಬ್ರೌನನಿಗೆ ಗುರುತು ಹತ್ತಿತು: ಒಂದು ಕನ್ನಿಂಗ್‌ಹ್ಯಾಮನದು. ಅವನು ಅನ್ಯರಿಗೆಂದು ಕೊಟ್ಟಿದ್ದ ಧ್ವಜವನ್ನೇ ಅವನ ಶವಪೆಟ್ಟಿಗೆಯ ಮೇಲೆ ಹೊದಿಸಿದರು.

ಕೆಲವು ದಿನಗಳಲ್ಲಿ ಇನ್ನೆರಡು ಶವಗಳು ಬಂದವು. ಅವು ಯಾರವೆಂದು ಹೇಳಬಲ್ಲವರಿರಲಿಲ್ಲ. ದ್ವೀಪದವರು ಅವನ್ನೂ ಅಲ್ಲಿಯೇ, ಅದೇ ಸಾಲಿನಲ್ಲಿ ಮಣ್ಣು ಮಾಡಿದರು. ಆ ನಾಲ್ಕು ಸಮಾಧಿಗಳ ಪುಟ್ಟ ಆವರಣದಲ್ಲಿ ಪ್ರತಿವರ್ಷ ಮೇ ತಿಂಗಳಲ್ಲಿ ಎರಡೂ ದೇಶಗಳವರು ಕೂಡುತ್ತಾರೆ.